ದಿನಕ್ಕೆ ಹನ್ನೊಂದು ಎಣಿಕೆ: ನಕ್ಷತ್ರದ ಉರಿಯನ್ನು ಬೆಟ್ಟದಡಿ ಅಳೆಯುವ ಕೆಲಸ

2004ರಲ್ಲಿ ನಮ್ಮ ಗ್ಯಾಲಕ್ಸಿಯ ಅತಿ ಹಳೆಯ ನಕ್ಷತ್ರಗಳ ವಯಸ್ಸು ಒಮ್ಮೆಲೇ 70ರಿಂದ 100 ಕೋಟಿ ವರ್ಷ ಏರಿತು. ಅದಕ್ಕಾಗಿ ಯಾರೂ ಹೊಸ ದೂರದರ್ಶಕ ಕಟ್ಟಿರಲಿಲ್ಲ. ಆಕಾಶದಲ್ಲೂ ಏನೂ ಬದಲಾಗಿರಲಿಲ್ಲ. ಇಟಲಿಯ ಒಂದು ಬೆಟ್ಟದ ಕೆಳಗೆ ನೈಟ್ರೋಜನ್ ಮೇಲೆ ಪ್ರೋಟಾನುಗಳನ್ನು ಹಾಯಿಸುತ್ತಾ ಕೂತಿದ್ದ ವಿಜ್ಞಾನಿಗಳು ಒಂದು ಹಳೆಯ ಸಂಖ್ಯೆಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿದರು, ಅಷ್ಟೇ.

ಲ್ಯಾಬಿನ ಒಂದು ಸಂಖ್ಯೆಗೂ ನಕ್ಷತ್ರದ ವಯಸ್ಸಿಗೂ ಏನು ನಂಟು? ಗೋಳಗುಚ್ಛ ಅಂತ ಕರೆಯುವ ನಕ್ಷತ್ರಗಳ ದೊಡ್ಡ ಗುಂಪುಗಳಿವೆ. ಒಂದು ಗುಂಪಿನಲ್ಲಿ ಲಕ್ಷಗಟ್ಟಲೆ ನಕ್ಷತ್ರಗಳು, ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೆ ಹುಟ್ಟಿದವು. ತೂಕ ಜಾಸ್ತಿ ಇರುವ ನಕ್ಷತ್ರ ತನ್ನ ಹೈಡ್ರೋಜನ್ ಬೇಗ ಮುಗಿಸುತ್ತದೆ, ಕಡಿಮೆ ಇರುವುದು ನಿಧಾನವಾಗಿ. ಹಾಗಾಗಿ ಗುಂಪಿನಲ್ಲಿ ಈಗ ಯಾವ ಹೊಳಪಿನ ನಕ್ಷತ್ರಗಳು ನಡುವಿನ ಹೈಡ್ರೋಜನ್ ಮುಗಿಸಿ ದಾರಿ ಬದಲಿಸುತ್ತಿವೆ ಅಂತ ನೋಡಿದರೆ ಇಡೀ ಗುಂಪಿನ ವಯಸ್ಸು ತಿಳಿಯುತ್ತದೆ. ಆ ಕೊನೆಯ ಹಂತದಲ್ಲಿ ನಕ್ಷತ್ರದ ಒಳಗೆ ಒಂದು ವಿಶೇಷ ಚಕ್ರ ಶುರುವಾಗುತ್ತದೆ. ಕಾರ್ಬನ್, ನೈಟ್ರೋಜನ್, ಆಕ್ಸಿಜನ್ ಮೂರೂ ಸೇರಿ ನಡೆಸುವ ಚಕ್ರ ಅದು. ಈ ಚಕ್ರ ನಾವು ಅಂದುಕೊಂಡದ್ದಕ್ಕಿಂತ ನಿಧಾನ ಅಂತಾದರೆ, ನಕ್ಷತ್ರ ದಾರಿ ಬದಲಿಸುವ ಘಳಿಗೆ ಮುಂದಕ್ಕೆ ಹೋಗುತ್ತದೆ, ಆಗ ಅದರ ಹೊಳಪೂ ಹೆಚ್ಚಿರುತ್ತದೆ. ನಮಗೆ ಕಾಣುವ ಹೊಳಪು ಇದ್ದಷ್ಟೇ ಇದೆ. ಹಾಗಾದರೆ ವಯಸ್ಸೇ ಜಾಸ್ತಿ ಇರಬೇಕು.

ಈ ಚಕ್ರವನ್ನು 1938ರಲ್ಲಿ ಜರ್ಮನಿಯ ವೈಟ್‌ಸೆಕರ್, 1939ರಲ್ಲಿ ಅಮೆರಿಕದಲ್ಲಿದ್ದ ಹ್ಯಾನ್ಸ್ ಬೆಥೆ ಬೇರೆ ಬೇರೆಯಾಗಿ ಕಂಡುಕೊಂಡರು. ಕಾರ್ಬನ್ ಬೀಜಕಣಕ್ಕೆ, ಅಂದರೆ ಪರಮಾಣುವಿನ ನಡುವಿನ ತಿರುಳಿಗೆ, ಒಂದೊಂದಾಗಿ ನಾಲ್ಕು ಪ್ರೋಟಾನುಗಳು ಬಂದು ಸೇರುತ್ತವೆ. ನಡುವೆ ಅದು ನೈಟ್ರೋಜನ್ ಆಗುತ್ತದೆ, ಆಕ್ಸಿಜನ್ ಆಗುತ್ತದೆ, ಕೊನೆಗೆ ಒಂದು ಹೀಲಿಯಂ ಹೊರಗೆ ಬಿಟ್ಟು ಮತ್ತೆ ಕಾರ್ಬನ್ ಆಗುತ್ತದೆ. ಇದರಲ್ಲಿ ಒಂದು ಹೆಜ್ಜೆ ಮಾತ್ರ ಬಹಳ ನಿಧಾನ: ನೈಟ್ರೋಜನ್-14 ಒಂದು ಪ್ರೋಟಾನನ್ನು ನುಂಗಿ, ಗಾಮಾ ಕಿರಣ ಉಗುಳಿ, ಆಕ್ಸಿಜನ್-15 ಆಗುವ ಹೆಜ್ಜೆ. ಹೆದ್ದಾರಿ ಎಷ್ಟೇ ಅಗಲ ಇರಲಿ, ಟೋಲ್‌ನಲ್ಲಿ ಒಂದೇ ಗೇಟು ತೆರೆದಿದ್ದರೆ ಇಡೀ ರಸ್ತೆಯ ವೇಗ ಆ ಗೇಟಿನದೇ, ಅಲ್ವಾ? ಚಕ್ರದಲ್ಲಿರುವ ಕಾರ್ಬನ್ ಆಕ್ಸಿಜನ್ ಎಲ್ಲ ಬಂದು ಇಲ್ಲೇ ನೈಟ್ರೋಜನ್ ರೂಪದಲ್ಲಿ ಜಮಾ ಆಗುತ್ತವೆ. ನಾವು ಉಸಿರಾಡುವ ಗಾಳಿಯ ನೈಟ್ರೋಜನ್‌ನ ಬಹುಪಾಲು ಹಿಂದೆ ಯಾವುದೋ ನಕ್ಷತ್ರದಲ್ಲಿ ಹೀಗೆ ಸಿಕ್ಕಿಕೊಂಡದ್ದೇ.

ಸರಿ, ಪ್ರೋಟಾನನ್ನು ನೈಟ್ರೋಜನ್‌ಗೆ ಹೊಡೆದು ಎಷ್ಟು ಸಲ ಸೇರುತ್ತದೆ ಅಂತ ಎಣಿಸಿದರಾಯಿತಲ್ಲ? ತೊಡಕು ಶುರುವಾಗುವುದೇ ಇಲ್ಲಿ.

ಪ್ರೋಟಾನಿಗೂ ಧನ ವಿದ್ಯುತ್, ನೈಟ್ರೋಜನ್ ಬೀಜಕಣಕ್ಕೂ ಧನ ವಿದ್ಯುತ್. ಒಂದನ್ನೊಂದು ತಳ್ಳುತ್ತವೆ. ಆ ತಳ್ಳಾಟದ ಗೋಡೆ ದಾಟಲು 20 ಲಕ್ಷ ಎಲೆಕ್ಟ್ರಾನ್‌ವೋಲ್ಟ್‌ಗಿಂತ ಹೆಚ್ಚು ಶಕ್ತಿ ಬೇಕು (ಎಲೆಕ್ಟ್ರಾನ್‌ವೋಲ್ಟ್ ಅಂದರೆ ಕಣಗಳ ಶಕ್ತಿ ಅಳೆಯುವ ಪುಟ್ಟ ಮಾನ). ಸೂರ್ಯನ ನಡುವಿನ ಬಿಸಿ ಸುಮಾರು ಒಂದೂವರೆ ಕೋಟಿ ಡಿಗ್ರಿ. ಕೇಳಲು ದೊಡ್ಡದು, ಆದರೆ ಆ ಬಿಸಿಯಲ್ಲಿ ಒಂದು ಕಣಕ್ಕೆ ಸರಾಸರಿ ಸಿಗುವುದು ಎರಡು ಸಾವಿರ ಎಲೆಕ್ಟ್ರಾನ್‌ವೋಲ್ಟ್ ಮಾತ್ರ. ಬೇಕಾದದ್ದರ ಸಾವಿರದಲ್ಲಿ ಒಂದು ಪಾಲು! ಹಳೆಯ ಭೌತಶಾಸ್ತ್ರದ ಪ್ರಕಾರ ಸೂರ್ಯ ಉರಿಯಲೇಬಾರದು. 1928ರಲ್ಲಿ ಜಾರ್ಜ್ ಗ್ಯಾಮೋವ್ ಮತ್ತು ಇತರರು ಕ್ವಾಂಟಮ್ ಕಣಗಳು ಗೋಡೆ ಹತ್ತದೆಯೇ ತೂರಿಹೋಗಬಲ್ಲವು ಅಂತ ತೋರಿಸಿದ ಮೇಲೆ ಗಂಟು ಬಿಚ್ಚಿಕೊಂಡಿತು. ತೂರುವ ಸಾಧ್ಯತೆ ತೀರಾ ಕಡಿಮೆ. ಶಕ್ತಿ ಸ್ವಲ್ಪ ಹೆಚ್ಚಾದರೆ ಸಾಧ್ಯತೆ ಸರ್ರನೆ ಏರುತ್ತದೆ, ಸ್ವಲ್ಪ ಕಡಿಮೆಯಾದರೆ ಪಾತಾಳಕ್ಕೆ ಇಳಿಯುತ್ತದೆ.

ನಕ್ಷತ್ರದಲ್ಲಿ ಎಲ್ಲ ಕಣಗಳೂ ಒಂದೇ ವೇಗದಲ್ಲಿ ಓಡುವುದಿಲ್ಲ. ಸರಾಸರಿಗಿಂತ ಜೋರಾಗಿ ಓಡುವ ಕೆಲವು ಇರುತ್ತವೆ, ಆದರೆ ವೇಗ ಹೆಚ್ಚಾದಷ್ಟೂ ಅಂಥವು ವಿರಳ. ಜೋರಾಗಿ ಓಡುವವು ಗೋಡೆ ತೂರಬಲ್ಲವು ಆದರೆ ಕೆಲವೇ ಇವೆ, ನಿಧಾನದವು ಬೇಕಾದಷ್ಟಿವೆ ಆದರೆ ತೂರಲಾರವು. ಎರಡರ ನಡುವೆ ಒಂದು ಸಣ್ಣ ಪಟ್ಟಿಯಲ್ಲಿ ಮಾತ್ರ ನಿಜವಾದ ಕೆಲಸ ನಡೆಯುತ್ತದೆ. ಇದಕ್ಕೆ ಗ್ಯಾಮೋವ್ ಕಿಟಕಿ ಅನ್ನುತ್ತಾರೆ. ಸೂರ್ಯನಲ್ಲಿ ನೈಟ್ರೋಜನ್-ಪ್ರೋಟಾನ್ ಜೋಡಿಗೆ ಈ ಕಿಟಕಿ ಇರುವುದು ಸುಮಾರು 27 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಹತ್ತಿರ. ಇನ್ನು ಮುಂದೆ ಸುಮ್ನೆ ‘ಕೆಇವಿ’ ಅನ್ನೋಣ. ಅಂದರೆ ನಾವು ಅಳೆಯಬೇಕಾದದ್ದು 27 ಕೆಇವಿಯಲ್ಲಿ.

ಇಲ್ಲೊಂದು ತಮಾಷೆ ಇದೆ. ಕಣ ಭೌತಶಾಸ್ತ್ರ ಅಂದರೆ ಜನಕ್ಕೆ ನೆನಪಾಗುವುದು ಸರ್ನ್‌ನಂಥ ದೈತ್ಯ ಯಂತ್ರಗಳು, ಮೇಲೆ ಮೇಲೆ ಹೋಗುವ ಶಕ್ತಿ. ಈ ವಿಷಯದಲ್ಲಿ ಪೈಪೋಟಿ ಇರುವುದು ಯಾರು ಎಷ್ಟು ಕೆಳಗೆ ಇಳಿಯುತ್ತಾರೆ ಅನ್ನುವುದರಲ್ಲಿ. 27 ಕೆಇವಿ ಪ್ರೋಟಾನ್ ಕಿರಣ ಹುಟ್ಟಿಸುವುದು ದೊಡ್ಡ ಮಾತೇ ಅಲ್ಲ. ಆ ಶಕ್ತಿಯಲ್ಲಿ ಏನಾದರೂ ನಡೆಯಬೇಕಲ್ಲ!

ನಡೆಯುವುದಿಲ್ಲ. ಹಾಗಾಗಿ ಎಲ್ಲರೂ ಮಾಡಿಕೊಂಡು ಬಂದದ್ದು ಇಷ್ಟು: ಮೇಲಿನ ಶಕ್ತಿಗಳಲ್ಲಿ, ಎಣಿಕೆ ಸುಲಭವಾಗಿ ಸಿಗುವ ಕಡೆ ಅಳೆಯುವುದು, ಆ ಗೆರೆಯನ್ನು ಕೆಳಗೆ ಎಳೆಯುವುದು. ಕಣ್ಣುಮುಚ್ಚಿ ಎಳೆಯುವುದಲ್ಲ. ತೂರುವ ಸಾಧ್ಯತೆ ಹೇಗೆ ಇಳಿಯುತ್ತದೆ ಅನ್ನುವುದು ಸಿದ್ಧಾಂತದಿಂದ ಚೆನ್ನಾಗಿ ಗೊತ್ತು. ಅಳೆದ ಸಂಖ್ಯೆಯಿಂದ ಆ ಕಡಿದಾದ ಇಳಿಜಾರನ್ನು ಭಾಗಿಸಿ ತೆಗೆದುಬಿಟ್ಟರೆ ಉಳಿಯುವುದು ಬೀಜಕಣದ ಸ್ವಂತ ಗುಣ ಮಾತ್ರ. ಅದು ಸಾಮಾನ್ಯವಾಗಿ ಸಮತಟ್ಟಾಗಿ, ನಿಧಾನವಾಗಿ ಬದಲಾಗುತ್ತದೆ. ಇದನ್ನು ಎಸ್-ಫ್ಯಾಕ್ಟರ್ ಅನ್ನುತ್ತಾರೆ. ಸಮತಟ್ಟಾದ ಗೆರೆಯನ್ನು ಮುಂದಕ್ಕೆ ಎಳೆಯುವುದು ಸುಲಭ.

ಆದರೆ ಆ ಗೆರೆಯ ದಾರಿಯಲ್ಲಿ ಗುಡ್ಡಗಳು ಇರಬಹುದು. ಬೀಜಕಣಕ್ಕೂ ಮೆಟ್ಟಿಲುಗಳಂಥ ನಿರ್ದಿಷ್ಟ ಶಕ್ತಿಮಟ್ಟಗಳಿವೆ. ಬರುವ ಪ್ರೋಟಾನಿನ ಶಕ್ತಿ ಆ ಮಟ್ಟಕ್ಕೆ ಸರಿಯಾಗಿ ಹೊಂದಿದರೆ ಪ್ರತಿಕ್ರಿಯೆ ಏಕಾಏಕಿ ನೂರಾರು ಪಟ್ಟು ಏರುತ್ತದೆ. ಇದಕ್ಕೆ ಅನುರಣನ ಅನ್ನೋಣ. ನೈಟ್ರೋಜನ್-14ರಲ್ಲಿ 259 ಕೆಇವಿ ಹತ್ತಿರ ಅಂಥದ್ದೊಂದು ಇದೆ, ಅದು ಮೊದಲಿಂದ ಗೊತ್ತು. ಇನ್ನೊಂದು ಮಟ್ಟ ಹೊಸ್ತಿಲಿನ ಕೆಳಗೇ, ಅಂದರೆ ಪ್ರೋಟಾನಿನ ಸೊನ್ನೆ ಶಕ್ತಿಗಿಂತಲೂ ಕೆಳಗೆ, ಅಡಗಿದೆ. ಅಲ್ಲಿಗೆ ಪ್ರೋಟಾನ್ ನೇರವಾಗಿ ತಲುಪಲಾರದು, ಆದರೂ ಅದರ ಬಾಲ ಮೇಲಕ್ಕೆ ಚಾಚಿಕೊಂಡು ಕಡಿಮೆ ಶಕ್ತಿಯ ಲೆಕ್ಕವನ್ನೆಲ್ಲ ಏರುಪೇರು ಮಾಡಬಹುದು. ಹಳೆಯ ಅಳತೆಗಳು ಮೇಲೆಯೇ ನಿಂತಿದ್ದವು. ಕೆಳಗಿನ ಭಾಗ ಎಲ್ಲ ಊಹೆ. ಅಲ್ಲೇ ಎರಡು ಪಟ್ಟಿನ ತಪ್ಪು ಅವಿತುಕೊಂಡಿತ್ತು.

ಹಾಗಾದರೆ ಇನ್ನೂ ಕೆಳಗೆ ಇಳಿದು ಅಳೆಯಲು ಅಡ್ಡಿ ಏನು? ಎಣಿಕೆ ಕಡಿಮೆಯಾಗುವುದು ಒಂದು, ಬೇರೆ ಗದ್ದಲದಲ್ಲಿ ಆ ಎಣಿಕೆ ಮುಚ್ಚಿಹೋಗುವುದು ಇನ್ನೊಂದು. ಎರಡನೆಯದೇ ದೊಡ್ಡದು. ಪ್ರೋಟಾನ್ ನೈಟ್ರೋಜನ್‌ಗೆ ಸೇರಿದಾಗ ಒಟ್ಟು 7.3 ಮಿಲಿಯನ್ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಗಾಮಾ ಕಿರಣವಾಗಿ ಹೊರಬರುತ್ತದೆ. ಡಿಟೆಕ್ಟರ್‌ನಲ್ಲಿ ಅದನ್ನು ಹಿಡಿಯಬೇಕು. ಗೋಡೆಯ ಕಾಂಕ್ರೀಟು, ನೆಲದ ಕಲ್ಲು, ಎಲ್ಲದರಲ್ಲೂ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಇದೆ. ಅವೂ ಗಾಮಾ ಬಿಡುತ್ತವೆ. ಆದರೆ ನೆಲದ ಗಾಮಾ ಕಿರಣಗಳ ಗದ್ದಲ 2.6 ಮಿಲಿಯನ್ ಹತ್ತಿರ, ಥೋರಿಯಂ ಸರಣಿಯ ಥ್ಯಾಲಿಯಂ ಗೆರೆಯ ಜೊತೆ, ಬಹುತೇಕ ಮುಗಿಯುತ್ತದೆ. 7.3 ಅದಕ್ಕಿಂತ ಎಷ್ಟೋ ಮೇಲೆ. ಅಲ್ಲಿ ತೊಂದರೆ ಕೊಡುವುದು ಆಕಾಶದಿಂದ ಬೀಳುವ ಕಾಸ್ಮಿಕ್ ಕಿರಣಗಳು, ಮುಖ್ಯವಾಗಿ ಮ್ಯೂವಾನ್ ಅನ್ನುವ, ಎಲೆಕ್ಟ್ರಾನ್‌ನಂಥದೇ ಆದರೆ ಭಾರವಾದ ಕಣಗಳು. ಸೀಸದ ಗೋಡೆ ಕಟ್ಟಿದರೆ ಅವು ನಿಲ್ಲುವುದಿಲ್ಲ, ಸೀಸಕ್ಕೇ ಬಡಿದು ಇನ್ನಷ್ಟು ಗದ್ದಲ ಎಬ್ಬಿಸುತ್ತವೆ. ಅವನ್ನು ತಡೆಯಲು ಒಂದೇ ದಾರಿ: ತಲೆ ಮೇಲೆ ಬೆಟ್ಟ.

ರೋಮ್‌ನ ಈಶಾನ್ಯಕ್ಕೆ ಗ್ರಾನ್ ಸಾಸೊ ಬೆಟ್ಟವಿದೆ. ಅದರ ಅಡಿಯಲ್ಲಿ ಲಾಕ್ವಿಲಾ ಮತ್ತು ತೆರಾಮೊ ಊರುಗಳನ್ನು ಸೇರಿಸುವ 10 ಕಿಲೋಮೀಟರ್ ಉದ್ದದ ಹೆದ್ದಾರಿ ಸುರಂಗ. ಸುರಂಗದ ಮಧ್ಯದಲ್ಲಿ ಪಕ್ಕಕ್ಕೆ ತಿರುಗಿದರೆ ಭೌತಶಾಸ್ತ್ರದ ಲ್ಯಾಬು. ಅದರ ಮೇಲೆ 1400 ಮೀಟರ್ ಕಲ್ಲು. ಹೊರಗೆ ಬೀಳುವ ಮ್ಯೂವಾನ್‌ಗಳಲ್ಲಿ ಹತ್ತು ಲಕ್ಷಕ್ಕೆ ಒಂದು ಮಾತ್ರ ಅಲ್ಲಿಗೆ ಇಳಿಯುತ್ತದೆ. 1990ರ ದಶಕದ ಮೊದಲಲ್ಲಿ ಅಲ್ಲಿ 50 ಸಾವಿರ ವೋಲ್ಟಿನ ಒಂದು ಪುಟ್ಟ ವೇಗವರ್ಧಕ ಇಟ್ಟರು. ಪ್ರಯೋಗದ ಹೆಸರು ಲೂನಾ. 2000ರ ಸುಮಾರಿಗೆ 4 ಲಕ್ಷ ವೋಲ್ಟಿನ ಯಂತ್ರ ಬಂತು.

ಕಲ್ಲಿನ ಅಡಿ ಹೋಗಿ ಕಾಸ್ಮಿಕ್ ಕಿರಣ ತಪ್ಪಿಸಿಕೊಳ್ಳುವ ಉಪಾಯ ಕನ್ನಡ ನಾಡಿಗೆ ಹೊಸದೇನಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ನಂಜನಗೂಡಿನ ಬಿ.ವಿ. ಶ್ರೀಕಂಠನ್ 1950ರ ದಶಕದಲ್ಲೇ ಮ್ಯೂವಾನ್‌ಗಳು ಎಷ್ಟು ಆಳಕ್ಕೆ ಇಳಿಯುತ್ತವೆ ಅಂತ ಅಳೆದರು. 1965ರಲ್ಲಿ ಅದೇ ಗಣಿಯ 2.3 ಕಿಲೋಮೀಟರ್ ಆಳದಲ್ಲಿ ವಾತಾವರಣದ ನ್ಯೂಟ್ರಿನೋಗಳ, ಅಂದರೆ ಏನಕ್ಕೂ ಹೆಚ್ಚಾಗಿ ತಾಗದೆ ಹಾದುಹೋಗುವ ಕಣಗಳ, ಗುರುತು ಸಿಕ್ಕಿತು. ಜಗತ್ತಿನ ಮೊದಲ ಗುರುತುಗಳಲ್ಲಿ ಒಂದು. ಅಲ್ಲಿ ವೇಗವರ್ಧಕ ಇಡುವ ಮೊದಲೇ ಗಣಿ ಮುಚ್ಚಿತು ಅನ್ನುವುದು ನನ್ನ ಸ್ವಂತ ಕೊರಗು.

ಲೂನಾ ಮೊದಲು ಕೈಹಾಕಿದ್ದು ಬೇರೆ ಪ್ರತಿಕ್ರಿಯೆಗೆ: ಎರಡು ಹೀಲಿಯಂ-3 ಸೇರಿ ಹೀಲಿಯಂ-4 ಆಗುವುದು. ಆಗ ಸೂರ್ಯನಿಂದ ಬರಬೇಕಾದಷ್ಟು ನ್ಯೂಟ್ರಿನೋಗಳು ಬರುತ್ತಿಲ್ಲ ಅನ್ನುವ ಒಗಟು ಇತ್ತು. ಈ ಪ್ರತಿಕ್ರಿಯೆಯಲ್ಲಿ ಕೆಳಗೆಲ್ಲೋ ಒಂದು ಅನುರಣನ ಅಡಗಿದ್ದರೆ ಒಗಟು ಬಗೆಹರಿಯುತ್ತದೆ ಅಂತ 1972ರಲ್ಲಿ ಅಮೆರಿಕದ ಭೌತವಿಜ್ಞಾನಿ ವಿಲಿಯಂ ಫೌಲರ್ ಹೇಳಿದ್ದರು. ಲೂನಾ 16.5 ಕೆಇವಿ ತನಕ ಇಳಿಯಿತು. ಅದು ಸೂರ್ಯನ ಗ್ಯಾಮೋವ್ ಕಿಟಕಿಯ ಒಳಗೇ. ಕೊನೆಯ ಅಳತೆಯಲ್ಲಿ ಸಿಕ್ಕಿದ್ದು ತಿಂಗಳಿಗೆ ಎರಡು ಎಣಿಕೆ. ಅನುರಣನ ಇರಲಿಲ್ಲ. 1999ರಲ್ಲಿ ಫಲಿತಾಂಶ ಹೊರಬಂತು. ಒಗಟಿನ ಉತ್ತರ ನ್ಯೂಟ್ರಿನೋಗಳೇ ದಾರಿಯಲ್ಲಿ ಬಗೆ ಬದಲಿಸುತ್ತವೆ ಅನ್ನುವುದು ಅಂತ ಆಮೇಲೆ ಕೆನಡಾದ ಪ್ರಯೋಗ ತೋರಿಸಿತು.

ಈಗ ನೈಟ್ರೋಜನ್‌ಗೆ ಬರೋಣ. 2004ರ ಫಲಿತಾಂಶ ಬಂದದ್ದು ಘನ ಗುರಿಯಿಂದ: ನೈಟ್ರೋಜನ್ ಬೆರೆಸಿದ ಟೈಟಾನಿಯಂ ಪದರ. 2006ರ ಹೊತ್ತಿಗೆ ಅನಿಲದ ಗುರಿ ಬಳಸಿ 70 ಕೆಇವಿಗೆ ಇಳಿದರು. ಈ ಎರಡನೆಯ ಏರ್ಪಾಟು ನೋಡಲು ಚೆಂದ, ಅದನ್ನೇ ಹತ್ತಿರದಿಂದ ನೋಡೋಣ.

ನೈಟ್ರೋಜನ್ ಅನಿಲವನ್ನು ಒಂದು ಕೋಣೆಯಲ್ಲಿ ತುಂಬುತ್ತಾರೆ, ಒತ್ತಡ ನಮ್ಮ ಗಾಳಿಯ ಸಾವಿರದಲ್ಲೊಂದು ಪಾಲು. ಪ್ರೋಟಾನ್ ಒಳಗೆ ಬರಬೇಕು, ಅನಿಲ ಹೊರಗೆ ಹೋಗಬಾರದು. ತೆಳ್ಳಗಿನ ಹಾಳೆಯ ಕಿಟಕಿ ಹಾಕೋಣ ಅಂದರೆ ಇಷ್ಟು ಕಡಿಮೆ ಶಕ್ತಿಯ ಪ್ರೋಟಾನ್ ಆ ಹಾಳೆಯಲ್ಲೇ ಶಕ್ತಿ ಕಳೆದುಕೊಳ್ಳುತ್ತದೆ. ಹಾಗಾಗಿ ಕಿಟಕಿಯೇ ಇಲ್ಲ. ಸಣ್ಣ ರಂಧ್ರಗಳು ಸಾಲಾಗಿವೆ, ಒಂದೊಂದರ ಹಿಂದೆಯೂ ದೊಡ್ಡ ಪಂಪು. ಸೋರುವ ಅನಿಲವನ್ನು ಹಂತಹಂತವಾಗಿ ಹೀರಿ ತೆಗೆಯುತ್ತಾ ಇರುತ್ತವೆ, ವೇಗವರ್ಧಕದ ಕಡೆ ನಿರ್ವಾತ ಹಾಗೇ ಉಳಿಯುತ್ತದೆ.

ಎಷ್ಟು ಪ್ರೋಟಾನ್ ಬಂತು ಅಂತ ತಿಳಿಯಬೇಕಾದರೆ ಸಾಮಾನ್ಯವಾಗಿ ವಿದ್ಯುತ್ ಅಳೆಯುತ್ತಾರೆ. ಅನಿಲದಲ್ಲಿ ಅದು ನಡೆಯುವುದಿಲ್ಲ. ದಾರಿಯಲ್ಲಿ ಪ್ರೋಟಾನ್‌ಗಳು ಎಲೆಕ್ಟ್ರಾನ್ ಕಿತ್ತುಕೊಂಡು ವಿದ್ಯುತ್ ಇಲ್ಲದ ಹೈಡ್ರೋಜನ್ ಆಗಿಬಿಡುತ್ತವೆ, ಮೀಟರ್‌ಗೆ ಲೆಕ್ಕವೇ ಸಿಗುವುದಿಲ್ಲ. ಅದಕ್ಕೆ ಶಾಖ ಅಳೆಯುತ್ತಾರೆ. ಕಿರಣದ ಕೊನೆಯಲ್ಲಿ ಒಂದು ಲೋಹದ ಗಟ್ಟಿ, ಅದನ್ನು ಹೀಟರ್‌ನಿಂದ ಒಂದೇ ಬಿಸಿಯಲ್ಲಿ ಇಟ್ಟಿರುತ್ತಾರೆ. ಕಿರಣ ಬಿದ್ದಾಗ ಅದರ ಬಿಸಿಯೂ ಸೇರುವುದರಿಂದ ಹೀಟರ್‌ಗೆ ಕೆಲಸ ಕಡಿಮೆ. ಎಷ್ಟು ವ್ಯಾಟ್ ಉಳಿಯಿತೋ ಅಷ್ಟು ಕಿರಣ ತಂದದ್ದು. 100 ಕೆಇವಿಯ, 300 ಮೈಕ್ರೋಆಂಪಿಯರ್ ಕಿರಣ ಅಂದರೆ 30 ವ್ಯಾಟ್. ಪ್ರೋಟಾನ್ ಲೆಕ್ಕದಲ್ಲಿ ಸೆಕೆಂಡಿಗೆ ಹತ್ತಿರತ್ತಿರ ಇಪ್ಪತ್ತು ಕೋಟಿ ಕೋಟಿ.

ಅನಿಲದ ಕೋಣೆಯ ಸುತ್ತ ಬಿಸ್ಮತ್ ಜರ್ಮನೇಟ್ ಹರಳಿನ ದಪ್ಪ ಡಿಟೆಕ್ಟರ್. ಗಾಮಾ ಯಾವ ದಿಕ್ಕಿಗೆ ಹೋದರೂ ಅದರಲ್ಲೇ ಸಿಕ್ಕಿಬೀಳಬೇಕು. ಆಕ್ಸಿಜನ್-15 ಹಲವು ಸಲ ಎರಡು ಗಾಮಾ ಬಿಟ್ಟು ತಣ್ಣಗಾಗುತ್ತದೆ. ಈ ಹರಳು ಎರಡನ್ನೂ ಒಟ್ಟಿಗೆ ಹಿಡಿದು 7.3ರ ಜಾಗದಲ್ಲಿ ಒಂದೇ ಎಣಿಕೆಯಾಗಿ ತೋರಿಸುತ್ತದೆ. ಒಟ್ಟು ಎಷ್ಟು ಪ್ರತಿಕ್ರಿಯೆ ಅಂತ ಕೇಳುವವರಿಗೆ ಇದು ವರ. ಆದರೆ ಗಾಮಾ ಒಂದೇ ಜಿಗಿತದಲ್ಲಿ ಇಳಿಯಿತೋ ಎರಡು ಜಿಗಿತದಲ್ಲೋ ಅಂತ ಬಿಡಿಸಿ ತಿಳಿಯಬೇಕಾದವರಿಗೆ ದೊಡ್ಡ ತಲೆನೋವು. ಅಡಗಿದ್ದ ಎರಡು ಪಟ್ಟಿನ ವ್ಯತ್ಯಾಸ ಬಹುಪಾಲು ಇದ್ದದ್ದು ಆ ಒಂದೇ ಜಿಗಿತದ ಪಾಲಿನಲ್ಲೇ. ಅದು ಹಿಂದೆ ಅಂದುಕೊಂಡದ್ದಕ್ಕಿಂತ ತೀರಾ ಕಡಿಮೆ ಅಂತ ಗೊತ್ತಾಯಿತು. ಅದನ್ನು ಗಟ್ಟಿ ಮಾಡಿಕೊಳ್ಳಲು ಆಮೇಲೆ ಹಲವು ತುಂಡುಗಳ ಜರ್ಮೇನಿಯಂ ಡಿಟೆಕ್ಟರ್ ಇಟ್ಟು ಬೇರೆಯಾಗಿ ಅಳೆದರು. ಅದೇ ಹೊತ್ತಿಗೆ ಅಮೆರಿಕದ ಉತ್ತರ ಕೆರೊಲಿನಾದಲ್ಲಿ ನೆಲದ ಮೇಲೆಯೇ ಅಳೆದವರಿಗೂ ಹೊಂದುವ ಉತ್ತರ ಸಿಕ್ಕಿತು. ನನಗೆ ನಂಬಿಕೆ ಬರುವುದು ಇಂಥ ಕಡೆ: ಒಂದೇ ಸಂಖ್ಯೆಗೆ ಎರಡು ಬೇರೆ ಯಂತ್ರ, ಎರಡು ಬೇರೆ ಜಗಳಗಂಟ ಗುಂಪು.

70 ಕೆಇವಿಯಲ್ಲಿ ಆ ಹರಳಿಗೆ ಸಿಕ್ಕಿದ್ದು ದಿನಕ್ಕೆ ಸುಮಾರು 11 ಎಣಿಕೆ. ಸೆಕೆಂಡಿಗೆ ಇಪ್ಪತ್ತು ಕೋಟಿ ಕೋಟಿ ಪ್ರೋಟಾನ್ ಸುರಿದರೂ ಎರಡು ಗಂಟೆಗೆ ಒಂದು! ಇದೇ ಏರ್ಪಾಟಿನಲ್ಲಿ ಸೂರ್ಯನ 27 ಕೆಇವಿಗೆ ಇಳಿದರೆ ಸಾಧ್ಯತೆ ಇನ್ನೂ ಇಪ್ಪತ್ತು ಲಕ್ಷ ಪಟ್ಟು ಕಡಿಮೆ. ಒಂದೇ ಒಂದು ಎಣಿಕೆಗೆ ನಾನೂರು ಐನೂರು ವರ್ಷ ಕಾಯಬೇಕಾದೀತು. ಹಾಗಾಗಿ ಸೂರ್ಯನ ಮಟ್ಟಿಗೆ ಈಗಲೂ ಗೆರೆ ಎಳೆಯಲೇಬೇಕು. ಎಳೆಯುವ ದೂರ ಕಡಿಮೆಯಾಗಿದೆ, ಅಷ್ಟರ ಮಟ್ಟಿಗೆ ಊಹೆಯೂ ಕಡಿಮೆ. ಇನ್ನೂ ಬಿಸಿಯಾದ, ಎಂಟು ಕೋಟಿ ಡಿಗ್ರಿಯಲ್ಲಿ ಹೈಡ್ರೋಜನ್ ಉರಿಸುವ ಕೆಂಪು ದೈತ್ಯ ನಕ್ಷತ್ರಗಳಿಗೆ ಗ್ಯಾಮೋವ್ ಕಿಟಕಿ 80 ಕೆಇವಿ ಆಸುಪಾಸು. ಅವುಗಳಿಗೆ ಬೇಕಾದದ್ದನ್ನು ಲೂನಾ ನೇರವಾಗಿಯೇ ಅಳೆದಂತಾಯಿತು.

ಬೆಟ್ಟದಡಿ ಹೋದ ತಕ್ಷಣ ಎಲ್ಲ ಸಲೀಸು ಅಂದುಕೊಳ್ಳಬೇಡಿ. ಹೊರಗಿನ ಗದ್ದಲ ನಿಂತರೆ ಯಂತ್ರದ ಒಳಗಿನ ಕೊಳೆ ಮಾತಾಡಲು ಶುರುಮಾಡುತ್ತದೆ. ಗುರಿಯಲ್ಲೋ ರಂಧ್ರದ ಅಂಚಿನಲ್ಲೋ ಚೂರು ಬೋರಾನ್ ಇದ್ದರೆ ಸಾಕು. ಪ್ರೋಟಾನ್ ತಾಗಿ ಅದು 16 ಮಿಲಿಯನ್ ಎಲೆಕ್ಟ್ರಾನ್‌ವೋಲ್ಟ್ ತನಕದ ಗಾಮಾ ಬಿಡುತ್ತದೆ, ಅದರ ಚೂರುಪಾರು 7.3ರ ಜಾಗಕ್ಕೂ ಬಂದು ಬೀಳುತ್ತದೆ. ಇದನ್ನು ಯಾವ ಬೆಟ್ಟವೂ ತಡೆಯುವುದಿಲ್ಲ. ಶಕ್ತಿಯ ಲೆಕ್ಕದಲ್ಲೂ ಎಚ್ಚರ ಬೇಕು. 100 ಕೆಇವಿ ಹತ್ತಿರ ಕಿರಣದ ಶಕ್ತಿಯಲ್ಲಿ ನೂರಕ್ಕೆ ಒಂದು ತಪ್ಪಾದರೆ ಉತ್ತರದಲ್ಲಿ ನೂರಕ್ಕೆ ಹತ್ತು ತಪ್ಪು. ಜೊತೆಗೆ ಲ್ಯಾಬಿನ ಗುರಿ ಪರಮಾಣುಗಳಿಗೆ ಎಲೆಕ್ಟ್ರಾನ್ ಹೊದಿಕೆ ಇದೆ. ಅದು ಗೋಡೆಯನ್ನು ಸ್ವಲ್ಪ ತಗ್ಗಿಸುತ್ತದೆ. ನಕ್ಷತ್ರದಲ್ಲಿ ಎಲೆಕ್ಟ್ರಾನ್‌ಗಳು ಬಿಡಿಬಿಡಿಯಾಗಿ ತೇಲುತ್ತಿರುತ್ತವೆ, ಅಲ್ಲಿನ ತಗ್ಗು ಬೇರೆ. ಒಂದನ್ನು ಕಳೆದು ಇನ್ನೊಂದನ್ನು ಕೂಡಬೇಕು.

ಈ ಸಂಖ್ಯೆಯ ಫಲ ಹದಿನಾರು ವರ್ಷದ ಮೇಲೆ ಅದೇ ಬೆಟ್ಟದ ಇನ್ನೊಂದು ಹಜಾರದಲ್ಲಿ ಕಾಣಿಸಿತು. ಅಲ್ಲಿ ಬೊರೆಕ್ಸಿನೊ ಅನ್ನುವ ನ್ಯೂಟ್ರಿನೋ ಡಿಟೆಕ್ಟರ್ ಇತ್ತು: ಬೆಳಕು ಚಿಮ್ಮುವ ದ್ರವ ಸುಮಾರು 280 ಟನ್. 2020ರಲ್ಲಿ ಅದು ಸೂರ್ಯನ ಕಾರ್ಬನ್-ನೈಟ್ರೋಜನ್ ಚಕ್ರದಿಂದ ಬಂದ ನ್ಯೂಟ್ರಿನೋಗಳನ್ನು ಮೊದಲ ಸಲ ಹಿಡಿಯಿತು. 100 ಟನ್‌ಗೆ ದಿನಕ್ಕೆ ಏಳರಷ್ಟು. ಸೂರ್ಯನ ಶಕ್ತಿಯಲ್ಲಿ ಈ ಚಕ್ರದ ಪಾಲು ನೂರಕ್ಕೆ ಒಂದರಷ್ಟು ಮಾತ್ರ, ಆದ್ದರಿಂದ ಹಿಡಿಯುವುದೇ ಸಾಹಸ. ಈ ನ್ಯೂಟ್ರಿನೋಗಳ ಎಣಿಕೆ ಸೂರ್ಯನ ಹೊಟ್ಟೆಯಲ್ಲಿ ಕಾರ್ಬನ್, ನೈಟ್ರೋಜನ್ ಎಷ್ಟಿದೆ ಅಂತ ಹೇಳಬಲ್ಲದು. ಸೂರ್ಯನಲ್ಲಿ ಭಾರದ ಧಾತುಗಳು ಎಷ್ಟು ಅನ್ನುವುದು ಹಳೆಯ ಜಗಳ, ಅದಕ್ಕೆ ಇದೊಂದು ಸಾಕ್ಷಿ. ಆದರೆ ಸಾಕ್ಷಿಯ ಮಾತು ಅರ್ಥವಾಗಬೇಕಾದರೆ ಒಂದು ನೈಟ್ರೋಜನ್ ಎಷ್ಟು ಬೇಗ ಪ್ರೋಟಾನ್ ನುಂಗುತ್ತದೆ ಅಂತ ಗೊತ್ತಿರಬೇಕು. ಹಳೆಯ ಸಂಖ್ಯೆ ಇಟ್ಟುಕೊಂಡಿದ್ದರೆ ಅದೇ ಎಣಿಕೆಯಿಂದ ಧಾತುಗಳ ಪ್ರಮಾಣ ಅರ್ಧಕ್ಕೆ ಹತ್ತಿರ ಬರುತ್ತಿತ್ತು.

ಎಲ್ಲವನ್ನೂ ಹೀಗೆ ಅಳೆಯಲಾಗುವುದಿಲ್ಲ. ಸೂರ್ಯನ ಅತಿ ಮುಖ್ಯ ಹೆಜ್ಜೆ, ಎರಡು ಪ್ರೋಟಾನ್ ಸೇರಿ ಡ್ಯುಟೀರಿಯಂ ಆಗುವುದನ್ನು, ಯಾವ ಲ್ಯಾಬೂ ಅಳೆದಿಲ್ಲ. ಅದರಲ್ಲಿ ದುರ್ಬಲ ಬಲದ (ಪ್ರೋಟಾನನ್ನು ನ್ಯೂಟ್ರಾನ್ ಆಗಿ ಬದಲಿಸುವ ಬಲದ) ಕೆಲಸ ಇರುವುದರಿಂದ ಸಾಧ್ಯತೆ ಲೆಕ್ಕಕ್ಕೇ ಸಿಗದಷ್ಟು ಸಣ್ಣದು. ಅಲ್ಲಿ ಸಿದ್ಧಾಂತದ ಸಂಖ್ಯೆಯನ್ನೇ ಬಳಸುತ್ತಾರೆ. ಅದೃಷ್ಟಕ್ಕೆ ಆ ಸಿದ್ಧಾಂತ ಗಟ್ಟಿಯಾಗಿದೆ.

ಸಿದ್ಧಾಂತವೂ ಗಟ್ಟಿ ಇಲ್ಲದ, ಅಳತೆಯೂ ಸಿಗದ ಒಂದು ಪ್ರತಿಕ್ರಿಯೆ ಉಳಿದಿದೆ: ಕಾರ್ಬನ್-12 ಒಂದು ಹೀಲಿಯಂ ನುಂಗಿ ಆಕ್ಸಿಜನ್-16 ಆಗುವುದು. ಜಗತ್ತಿನಲ್ಲಿ ಕಾರ್ಬನ್ ಎಷ್ಟು, ಆಕ್ಸಿಜನ್ ಎಷ್ಟು ಅಂತ ಬಹುಮಟ್ಟಿಗೆ ತೀರ್ಮಾನಿಸುವುದು ಇದು. ದೊಡ್ಡ ನಕ್ಷತ್ರಗಳು ಸತ್ತಾಗ ಉಳಿಯುವ ಕಪ್ಪು ಕುಳಿಗಳ ತೂಕಕ್ಕೂ ಇದರ ನಂಟಿದೆ. ಇದರ ಗ್ಯಾಮೋವ್ ಕಿಟಕಿ 300 ಕೆಇವಿ ಹತ್ತಿರ. ಅಲ್ಲಿನ ಸಾಧ್ಯತೆ ಲೂನಾ 70 ಕೆಇವಿಯಲ್ಲಿ ಅಳೆದದ್ದಕ್ಕಿಂತ ಸುಮಾರು ಇಪ್ಪತ್ತು ಸಾವಿರ ಪಟ್ಟು ಕಡಿಮೆ. ನೇರ ಅಳತೆಗಳು ಒಂದು ಮಿಲಿಯನ್ ಎಲೆಕ್ಟ್ರಾನ್‌ವೋಲ್ಟ್ ಆಸುಪಾಸಿನಲ್ಲೇ ನಿಂತಿವೆ. ಹೊಸ್ತಿಲಿನ ಕೆಳಗೆ ಎರಡು ಮಟ್ಟಗಳು ಅಡಗಿ ಕೂತಿವೆ, ಅವುಗಳ ಬಾಲಗಳೇ ಇಲ್ಲಿ ಎಲ್ಲ ಕೆಲಸ ಮಾಡುವುದು.

ಇದಕ್ಕಾಗಿ ಗ್ರಾನ್ ಸಾಸೊದಲ್ಲಿ ಈಗ 35 ಲಕ್ಷ ವೋಲ್ಟಿನ ವೇಗವರ್ಧಕ ಇದೆ. ಚೀನಾದ ಜಿನ್‌ಪಿಂಗ್‌ನಲ್ಲಿ 2400 ಮೀಟರ್ ಕಲ್ಲಿನಡಿ ಜೂನಾ ಅನ್ನುವ ಇಂಥದೇ ಪ್ರಯೋಗ ನಡೆಯುತ್ತಿದೆ. ಅಮೆರಿಕದ ದಕ್ಷಿಣ ಡಕೋಟಾದ ಹಳೆಯ ಹೋಮ್‌ಸ್ಟೇಕ್ ಚಿನ್ನದ ಗಣಿಯಲ್ಲೂ ಒಂದು ವೇಗವರ್ಧಕ ಇಳಿಸಿದ್ದಾರೆ. ಕೋಲ್ಕತ್ತಾದ ಸಾಹಾ ಸಂಸ್ಥೆಯಲ್ಲಿ ಇದೇ ಬಗೆಯ ಕೆಲಸಕ್ಕೆಂದು 30 ಲಕ್ಷ ವೋಲ್ಟಿನ ಫ್ರೆನಾ ಯಂತ್ರವಿದೆ, ಅದು ನೆಲದ ಮೇಲೆ. ಇನ್ನು ಕೆಲವರು ಪ್ರತಿಕ್ರಿಯೆಯನ್ನೇ ತಿರುಗಿಸಿದ್ದಾರೆ: ಆಕ್ಸಿಜನ್ ಮೇಲೆ ಗಾಮಾ ಕಿರಣ ಬಿಟ್ಟು ಅದನ್ನು ಕಾರ್ಬನ್ ಮತ್ತು ಹೀಲಿಯಂ ಆಗಿ ಒಡೆಯುವುದು. ಒಡೆಯುವ ಸಾಧ್ಯತೆಗೂ ಸೇರುವ ಸಾಧ್ಯತೆಗೂ ಪಕ್ಕಾ ಲೆಕ್ಕದ ಸಂಬಂಧವಿದೆ, ಮತ್ತು ಈ ಶಕ್ತಿಗಳಲ್ಲಿ ಒಡೆಯುವುದೇ ಹತ್ತಾರು ಪಟ್ಟು ಸುಲಭ.